ಮಳೆಗಾಲವಿಲ್ಲದ ಕೆರೆ

ನನಗೊಂದು ಚಾಳಿ ಇದೆ. ಯಂತ್ರಗಳು ಆಡುವ ಕನ್ನಡವನ್ನು ತಿದ್ದುವ ಚಾಳಿ. ಎಟಿಎಮ್ಮಿನ ಮುಂದೆ ನಿಂತರೆ ದುಡ್ಡು ತೆಗೆಯಲು ಬಂದವಳು ಎಂಬುದೇ ಮರೆತುಹೋಗುತ್ತದೆ. ಪರದೆಯ ಮೇಲೆ ‘ನಿಮ್ಮ ವ್ಯವಹಾರವು ಸಂಸ್ಕರಿಸಲ್ಪಡುತ್ತಿದೆ’ ಎಂದು ಬಂತೆನ್ನಿ. ಸಂಸ್ಕರಿಸಲು ಅದೇನು ಉಪ್ಪಿನಕಾಯಿಯೇ, ‘ಸ್ವಲ್ಪ ತಾಳಿ’ ಎಂದರೆ ಸಾಲದೇ ಎಂದು ಮನಸ್ಸಿನಲ್ಲೇ ಜಗಳ ಶುರುವಾಗುತ್ತದೆ. ಜಗಳ ಮುಗಿಯುವುದರೊಳಗೆ ಯಂತ್ರ ಬೇಸತ್ತು ಕಾರ್ಡನ್ನು ಹೊರಗೆ ತಳ್ಳಿರುತ್ತದೆ. ಮೊನ್ನೆ ಗುರುವಾಯನಕೆರೆಯಲ್ಲಿ ಹೀಗೇ ಆಯಿತು. ಬೆನ್ನ ಹಿಂದೆ ಸಾಲು ಬೆಳೆದಿತ್ತು. ಒಬ್ಬರು ಬಾಗಿಲು ದೂಡಿ ತಲೆ ಒಳಗೆ ಹಾಕಿ, “ಎಂತ ಟೀಚರೇ, ದುಡ್ಡು ಬರುದಿಲ್ವಾ?” ಎಂದು ಕೇಳಿದರು.

“ಬರ್ತದೆ, ಬರ್ತದೆ. ಸ್ವಲ್ಪ ವ್ಯಾಕರಣದ ಸಮಸ್ಯೆ ಉಂಟು,” ಎಂದೆ.

ಅವರು ಬಾಗಿಲು ಮುಚ್ಚಿಕೊಂಡು ಸಾಲಿನವರಿಗೆ ಏನು ಹೇಳಿದರೋ ಗೊತ್ತಿಲ್ಲ. ನಾನು ಹೊರಗೆ ಬಂದಾಗ ಎಲ್ಲರೂ ಬಹಳ ಮರ್ಯಾದೆಯಿಂದ ದಾರಿ ಬಿಟ್ಟುಕೊಟ್ಟರು.

ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವವಳಿಗೆ ಇಂಥ ಚಾಳಿ ಸಹಜವೇ ಎಂದು ನೀವು ಅಂದುಕೊಳ್ಳಬಹುದು. ಹಾಗೇನಿಲ್ಲ. ಮೊದಲು ನಾನು ಮಕ್ಕಳ ಕನ್ನಡವನ್ನಷ್ಟೇ ತಿದ್ದುತ್ತಿದ್ದೆ. ಯಂತ್ರಗಳ ಗೊಡವೆಗೆ ಹೋದವಳಲ್ಲ. ಈ ರೋಗ ನನಗೆ ಹತ್ತಿದ್ದು ಒಂದು ಕೆರೆಯಿಂದ. ಆ ಕೆರೆ ಇರುವುದು ಕಂಪ್ಯೂಟರಿನೊಳಗೆ. ಅದರ ಕತೆಯನ್ನು ಯಾರಿಗಾದರೂ ಪೂರ್ತಿಯಾಗಿ ಹೇಳಬೇಕೆಂದು ಬಹಳ ದಿನಗಳಿಂದ ನಾಲಿಗೆ ತುರಿಸುತ್ತಿತ್ತು. ಸಿಕ್ಕಿದಿರಿ, ಕೂತುಕೊಳ್ಳಿ.

ನಮ್ಮದು ಗುರುವಾಯನಕೆರೆಯಿಂದ ಮೂಡುಬಿದಿರೆ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸರಕಾರಿ ಹೈಸ್ಕೂಲು. ಕನ್ನಡ ಮಾಧ್ಯಮ. ಬೆಳಿಗ್ಗೆ ನಾವು ನಾಡಗೀತೆ ಹಾಡುವ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನುಗಳು ಒಂದರ ಹಿಂದೊಂದು ಹೋಗುತ್ತವೆ. ನಮ್ಮ ಹೆಡ್ ಮೇಡಂ ಹಾಡುತ್ತ ಹಾಡುತ್ತಲೇ ಅವುಗಳ ಕಡೆ ಒಂದು ನೋಟ ಎಸೆಯುತ್ತಿದ್ದರು. ಎಂಟನೇ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. “ಕನ್ನಡದಲ್ಲಿ ಕಲಿತ್ರೆ ಕಂಪ್ಯೂಟರ್ ಎಲ್ಲ ಬರ್ತದಾ ಮೇಡಂ?” ಎಂದು ಕೇಳಿ ಅರ್ಜಿ ತೆಗೆದುಕೊಳ್ಳದೆ ಹಿಂತಿರುಗಿದ ಅಪ್ಪಂದಿರನ್ನು ನಾನೇ ಕಂಡಿದ್ದೇನೆ. ಹೀಗೆಯೇ ಆದರೆ ಶಾಲೆಯನ್ನು ಪಕ್ಕದ ಊರಿನ ಶಾಲೆಯ ಜೊತೆಗೆ ಸೇರಿಸಿಬಿಡುತ್ತಾರೆ ಎಂಬ ಸುದ್ದಿ ಬೇರೆ.

ಅಂಥ ಹೊತ್ತಿನಲ್ಲಿ ನಮ್ಮಲ್ಲಿಗೆ ವಿಜ್ಞಾನ ಕಲಿಸಲು ಜಿನೇಶ್ ಸರ್ ಬಂದರು. ಮೂಡುಬಿದಿರೆಯ ಹಳೆಯ ಜೈನ ಮನೆತನದವರು, ಇನ್ನೂ ಚಿಕ್ಕ ಪ್ರಾಯ, ಮಾತು ಕಡಿಮೆ. ಸೂರ್ಯ ಮುಳುಗಿದ ಮೇಲೆ ಊಟ ಮಾಡುವ ಕ್ರಮ ಅವರ ಮನೆಯಲ್ಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲಿನ ಒಂದು ಬಸ್ಸನ್ನು ಅವರು ಹೇಗಾದರೂ ಹಿಡಿಯಲೇಬೇಕು. ತಪ್ಪಿದರೆ ಆ ದಿನ ಉಪವಾಸ. ಈ ಒಂದು ಬಸ್ಸು ನಮ್ಮ ಮುಂದಿನ ಸಾಹಸಗಳನ್ನೆಲ್ಲ ಅಂಕೆಯಲ್ಲಿಟ್ಟಿತು ಎಂದರೆ ತಪ್ಪಿಲ್ಲ.

ನಮ್ಮ ಶಾಲೆಯಲ್ಲಿ ಕಲಿತು ಗಲ್ಫಿಗೆ ಹೋದ ಕೆಲವರು ಒಟ್ಟುಗೂಡಿ ನಾಲ್ಕೈದು ಕಂಪ್ಯೂಟರ್ ಕೊಡಿಸಿದ್ದರು. ಹೊದಿಕೆ ಹಾಕಿಕೊಂಡು ಅವು ಸುಖವಾಗಿ ಮಲಗಿದ್ದವು. ಜಿನೇಶ್ ಸರ್ ಬಂದ ವಾರದಲ್ಲೇ ಹೊದಿಕೆ ತೆಗೆದು ಅವುಗಳೊಳಗೆ ಒಂದು ಕೆರೆ ತಂದಿಟ್ಟರು. ಪರದೆಯ ಮೇಲೆ ನೀರು, ನೀರಿನಲ್ಲಿ ಪಾಚಿ, ಸೊಳ್ಳೆಮರಿ, ಮೀನು, ಕಪ್ಪೆ, ದಡದಲ್ಲಿ ಬೆಳ್ಳಕ್ಕಿ. ಬಿಸಿಲು ಎಷ್ಟು, ನೀರಿನ ಆಳ ಎಷ್ಟು ಎಂದು ನಾವು ನಿಶ್ಚಯಿಸಿ ಗುಂಡಿ ಒತ್ತಿದರೆ ಸಾಕು, ವರ್ಷಗಳು ಗಳಿಗೆಯಲ್ಲಿ ಉರುಳುತ್ತವೆ. ನೀರು ಕಾಯುತ್ತದೆ, ಆರುತ್ತದೆ. ಮೀನು ಹೆಚ್ಚಿದರೆ ಸೊಳ್ಳೆಮರಿ ಕಡಿಮೆಯಾಗುತ್ತದೆ, ಬೆಳ್ಳಕ್ಕಿ ಹೆಚ್ಚಿದರೆ ಮೀನು. ಯಾರು ಎಷ್ಟು ಉಳಿದರು ಎಂದು ಬದಿಯಲ್ಲಿ ಒಂದು ಗೆರೆ ಏರುತ್ತ ಇಳಿಯುತ್ತ ಹೋಗುತ್ತದೆ. ನಿಜವಾದ ಕೆರೆಯ ಪಕ್ಕ ಹತ್ತು ವರ್ಷ ಕೂತರೂ ಕಾಣದ್ದು ಒಂದೇ ಪಿರಿಯಡ್‌ನಲ್ಲಿ ಕಾಣುತ್ತದೆ.

ಆದರೆ ಎಲ್ಲ ಇಂಗ್ಲಿಷಿನಲ್ಲಿ. ಒಂಬತ್ತನೆಯ ಮಕ್ಕಳು ಅದರ ಮುಂದೆ ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಕೂತರು. ಎರಡು ದಿನ ನೋಡಿ ಜಿನೇಶ್ ಸರ್ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಬದಿಯಲ್ಲಿ ನಿಂತರು.

“ಟೀಚರ್, ನೀವೊಂದು ಉಪಕಾರ ಮಾಡ್ಬೇಕಿತ್ತು. ಆ ಕೆರೆಯನ್ನು ಕನ್ನಡಕ್ಕೆ ತರುವ ಅಂತ.”

“ತರಬಹುದಾ? ಅದನ್ನು ಮಾಡಿದವರು ಜಗಳಕ್ಕೆ ಬರುದಿಲ್ವಾ?”

“ಇಲ್ಲ. ಅದು ಮುಕ್ತ ತಂತ್ರಾಂಶ.”

“ಮುಕ್ತ ಅಂದ್ರೆ ಪುಕ್ಕಟೆ ಅಂತಲಾ?”

“ಪುಕ್ಕಟೆಯೂ ಹೌದು. ಅದಕ್ಕಿಂತ ಹೆಚ್ಚು, ಅದರ ಒಳಗೆ ಎಂತ ಬರೆದಿದ್ದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ಬದಲಿಸಬಹುದು, ಬದಲಿಸಿದ್ದನ್ನು ವಾಪಸು ಕೊಡಬಹುದು. ಲೋಕದ ಎಲ್ಲೆಲ್ಲಿಯೋ ಇರುವವರು ಸೇರಿ ಮಾಡಿದ್ದು. ನಾವೂ ಸೇರುವ.”

ವಿಜ್ಞಾನಕ್ಕೂ ನನಗೂ ಆಗಿಬರುವುದಿಲ್ಲ. ಬಂಟ್ವಾಳ ಪೇಟೆಯಲ್ಲಿ ನನ್ನ ಅಪ್ಪನಿಗೆ ಸೋಡಾ ಅಂಗಡಿ ಇತ್ತು. ಬಾಟಲಿ ತೊಳೆದ ನೀರು ಹಿಂದಿನ ತಗ್ಗಿಗೆ ಹರಿದು ಅಲ್ಲಿ ವರ್ಷದ ಹೆಚ್ಚಿನ ದಿನವೂ ಕೆಸರು, ಕೆಸರಿನ ತುಂಬ ಕಪ್ಪೆ. ಬೇರೆ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ನಾನು ಕಪ್ಪೆಗಳ ಜೊತೆ ಇರುತ್ತಿದ್ದೆ. ಇವಳು ಡಾಕ್ಟರಾಗುವವಳೇ ಎಂದು ಅಪ್ಪ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡು ಬಂದರು. ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿಸಿದರು. ಪ್ರಯೋಗಾಲಯದಲ್ಲಿ ಮೇಣದ ತಟ್ಟೆಯ ಮೇಲೆ ನಾಲ್ಕೂ ಕಾಲಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಕಪ್ಪೆಯನ್ನು ಕಂಡವಳು ಕತ್ತರಿ ಇಟ್ಟು ಹೊರಗೆ ಬಂದೆ. ಕಪ್ಪೆಯ ಮಾತು ಬಿಡಿ, ಭೌತಶಾಸ್ತ್ರದಲ್ಲೂ ಸೊನ್ನೆಯ ಆಸುಪಾಸಿನಲ್ಲೇ ಇದ್ದೆ. ಫೇಲಾದ ದಿನ ಅಪ್ಪ ಬೈಯಲಿಲ್ಲ. ಗೋಲಿ ಸೋಡಾ ಒಂದನ್ನು ಟುಸ್ ಎಂದು ಒಡೆದು ಕೈಗೆ ಕೊಟ್ಟು, “ಕುಡಿ, ಬೇರೆ ಎಂತಾದ್ರೂ ನೋಡುವ,” ಎಂದರು. ಆ ಬೇರೆಯೇ ಕನ್ನಡ.

ಇಷ್ಟೆಲ್ಲ ನೆನಪಾದರೂ ಜಿನೇಶ್ ಸರ್‌ಗೆ ಒಲ್ಲೆ ಎನ್ನಲು ಮನಸ್ಸು ಬರಲಿಲ್ಲ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಕೂತೆವು. ಅವರ ಹೊಟ್ಟೆಗೆಂದು ನಾನು ಬುತ್ತಿಯಲ್ಲಿ ಇಡ್ಲಿ ತರುತ್ತಿದ್ದೆ. ಈರುಳ್ಳಿ, ಬಟಾಟೆ ಇಲ್ಲದ ತಿಂಡಿಗಳಲ್ಲಿ ಆ ವರ್ಷ ನಾನು ಪರಿಣತಿ ಪಡೆದೆ.

ಮೊದಲ ದಿನ ನಾನು ಪಾಂಡಿತ್ಯವನ್ನೆಲ್ಲ ಸುರಿದೆ. ಕೆರೆಯನ್ನು ಓಡಿಸುವ ಗುಂಡಿಗೆ ‘ಪ್ರಾರಂಭಿಸತಕ್ಕದ್ದು’ ಎಂದು ಬರೆದೆ. ಅಕ್ಷರ ಗುಂಡಿಯಿಂದ ಹೊರಚೆಲ್ಲಿ ಬೆಳ್ಳಕ್ಕಿಯ ಮೇಲೆ ಕೂತಿತು. ಮರುದಿನ ಮಕ್ಕಳನ್ನೂ ಸೇರಿಸಿಕೊಂಡೆವು. ಅವರಲ್ಲಿ ನಫೀಸಾ ಎಂಬವಳೊಬ್ಬಳು. ಅಪ್ಪ ಗುರುವಾಯನಕೆರೆ ಸ್ಟ್ಯಾಂಡಿನಲ್ಲಿ ಆಟೋ ಇಟ್ಟಿದ್ದಾರೆ. ಮನೆಯಲ್ಲಿ ಬ್ಯಾರಿ, ದಾರಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೂರರಲ್ಲೂ ಪ್ರಶ್ನೆ ಕೇಳುವುದು ಅವಳ ಸ್ವಭಾವ.

“ಟೀಚರ್, ಈ ಪರಭಕ್ಷಕ ಅಂದ್ರೆ ಎಂತದು?”

“ಬೇರೆ ಪ್ರಾಣಿಯನ್ನು ಹಿಡಿದು ತಿನ್ನುವಂಥದ್ದು. ನಿಮ್ಮ ಪುಸ್ತಕದಲ್ಲೇ ಉಂಟಲ್ಲ?”

“ಪುಸ್ತಕದಲ್ಲಿ ಉಂಟು. ನಾನು ಅದು ಪರೀಕ್ಷೆಯಲ್ಲಿ ಮಾತ್ರ ಬರುವ ಒಂದು ಪ್ರಾಣಿ ಅಂತ ಗ್ರಹಿಸಿದ್ದೆ.”

ಜಿನೇಶ್ ಸರ್ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ. ‘ಹಿಡಿದು ತಿನ್ನುವವು’ ಎಂದೇ ಬರೆದೆವು. ‘ಪ್ರಾರಂಭಿಸತಕ್ಕದ್ದು’ ಹೋಗಿ ‘ಶುರು’ ಬಂತು. ಇಡೀ ತಂತ್ರಾಂಶಕ್ಕೇ ಒಂದು ಹೆಸರು ಬೇಕಲ್ಲ? ನಾನು ‘ಅನುಕರಣ ಸರೋವರ’ ಎಂದೆ. “ಸುಳ್ಳು ಕೆರೆ ಅಂತ ಇಡುವ,” ಎಂದಳು ನಫೀಸಾ. ಜಿನೇಶ್ ಸರ್‌ಗೆ ನೋವಾಯಿತು. “ಸುಳ್ಳಲ್ಲ ಮಾರಾಯ್ತಿ. ಪ್ರತಿಯೊಂದಕ್ಕೂ ಲೆಕ್ಕ ಉಂಟು ಅದರೊಳಗೆ.” ಕೊನೆಗೆ ‘ಲೆಕ್ಕದ ಕೆರೆ’ ಎಂದಾಯಿತು. ನನಗೆ ಈಗಲೂ ಆ ಹೆಸರಿನ ಮೇಲೆ ಬಹಳ ಪ್ರೀತಿ.

ಕನ್ನಡ ಬಂದದ್ದೇ ತಡ, ಮಕ್ಕಳು ಕಂಪ್ಯೂಟರ್ ಕೋಣೆ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಬಿಸಿಯೂಟವನ್ನು ಗಬಗಬ ತಿಂದು ಬರುತ್ತಿದ್ದರು. “ಬೆಳ್ಳಕ್ಕಿ ಜಾಸ್ತಿ ಆಯ್ತು, ತೆಗಿ!” “ತೆಗಿಬೇಡ, ಮತ್ತೆ ಸೊಳ್ಳೆಗೆ ಎಂತ ಮಾಡ್ತೀ?” ಎಂದು ಕೂಗಾಟ. ಬಾಯಿ ಬಿಡದೆ ಕೂತಿದ್ದವರು ಇವರೇನಾ ಎನಿಸುತ್ತಿತ್ತು.

ಹೀಗಿರಲು ನಾನು ಋತುಗಳಿಗೆ ಬಂದೆ. ಆ ಕೆರೆಗೆ ನಾಲ್ಕು ಋತುಗಳಿದ್ದವು. ವಸಂತ, ಗ್ರೀಷ್ಮ, ಶರತ್, ಶಿಶಿರ ಎಂದು ಚಂದವಾಗಿ ಬರೆದು, ಕಾವ್ಯ ಪಾಠ ಮುಗಿಸಿದವಳ ಹಾಗೆ ಹಿಂದೆ ಒರಗಿ ಕೂತೆ. ನಫೀಸಾ ಪರದೆಯ ಹತ್ತಿರಕ್ಕೆ ಮುಖ ತಂದು ಎರಡೆರಡು ಸಲ ಓದಿದಳು.

“ಟೀಚರ್, ಮಳೆಗಾಲ ಎಲ್ಲುಂಟು?”

ಹುಡುಕಿದೆವು. ಇರಲಿಲ್ಲ. ವಾರಕ್ಕೊಮ್ಮೆ ಸಣ್ಣಗೆ ಹನಿಯುವ ಮಳೆ ಇತ್ತು, ಚಳಿಗಾಲದಲ್ಲಿ ನೀರು ಗಟ್ಟಿಯಾಗಿ ಮಂಜುಗಡ್ಡೆಯಾಗುವುದಿತ್ತು, ಆಗ ಕಪ್ಪೆಗಳು ಕೆರೆಯ ತಳಕ್ಕೆ ಹೋಗಿ ನಿದ್ದೆ ಮಾಡುವುದೂ ಇತ್ತು. ಮಳೆಗಾಲ ಮಾತ್ರ ಇಲ್ಲ. ಮಂಜು ಬೀಳುವ ನಾಡಿನ ಯಾರೋ ತಮ್ಮ ಕೆರೆಯನ್ನು ನೋಡಿ ಬರೆದಿದ್ದರು. ಅವರ ಕೆರೆ ಅವರಿಗೆ ಸರಿಯೇ ಇತ್ತು.

ನಮ್ಮ ಊರಿನ ಬಿಸಿಲು, ನಮ್ಮ ಊರಿನ ಸೆಕೆ ಹಾಕಿ ನೋಡುವ ಎಂದರು ಮಕ್ಕಳು. ಹಾಕಿದರು. ಬೇಸಿಗೆಯಲ್ಲಿ ಲೆಕ್ಕದ ಕೆರೆ ಬತ್ತಿತು, ಕಪ್ಪೆಗಳೆಲ್ಲ ಸತ್ತವು. ಮತ್ತೆ ಹಾಕಿದರು, ಮತ್ತೆ ಸತ್ತವು. ಎಷ್ಟು ಸಲ ಮಾಡಿದರೂ ಬೇಸಿಗೆ ದಾಟಿ ಒಂದು ಕಪ್ಪೆಯೂ ಬದುಕಲಿಲ್ಲ. ಶಾಲೆಯ ಹಿಂದಿನ ಗದ್ದೆಯಲ್ಲಿ ಜೂನಿನ ಮೊದಲ ಮಳೆಗೆ ಎದ್ದುಬರುವ ವಟಗುಟ್ಟುವಿಕೆಗೆ ನಮಗೆ ಪಾಠ ಮಾಡಲು ಕೂಡ ಆಗುವುದಿಲ್ಲ. ಇಲ್ಲಿ ನೋಡಿದರೆ ಗೆರೆ ನೆಲಕ್ಕೆ ಅಂಟಿ ಕೂತಿದೆ.

“ಹಾಗಾದ್ರೆ ಸುಳ್ಳು ಕೆರೆಯೇ ಸರ್,” ಎಂದಳು ನಫೀಸಾ. ಜಿನೇಶ್ ಸರ್ ಲೆಕ್ಕವನ್ನು ಮೊದಲಿನಿಂದ ನೋಡತೊಡಗಿದರು. ಆ ದಿನ ಬಸ್ಸು ತಪ್ಪಿತು.

ಅಷ್ಟರಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಮಾತು ಬಂತು. ಮಕ್ಕಳು ಮುಂದಿನ ವರ್ಷ ಲೆಕ್ಕದ ಕೆರೆಯನ್ನೇ ಒಯ್ಯುತ್ತೇವೆಂದು ಹಟ ಹಿಡಿದರು. ಹೆಡ್ ಮೇಡಂ ಒಪ್ಪಲಿಲ್ಲ. “ನೋಡಿ ಸರ್, ನಂಗೆ ಒಂದು ಬಹುಮಾನ ಬೇಕೇ ಬೇಕು. ಶಾಲೆಗೆ ಹೆಸರು ಬರ್ಬೇಕು, ನಾಲ್ಕು ಮಕ್ಕಳು ಸೇರ್ಬೇಕು. ಕಪ್ಪೆ ಸಾಯುವ ಕೆರೆಯನ್ನು ತಕ್ಕೊಂಡು ಹೋದ್ರೆ ಜನ ನಗಾಡುದಿಲ್ವಾ? ಥರ್ಮಾಕೋಲಿನ ಜ್ವಾಲಾಮುಖಿ ಮಾಡುವ. ಅದು ಹೊಗೆ ಬಿಡ್ತದೆ, ಚಂದ ಕಾಣ್ತದೆ.”

“ಮೇಡಂ, ಬರುವ ಮಳೆಗಾಲದವರೆಗೆ ಸಮಯ ಕೊಡಿ,” ಎಂದು ನಾನೇ ಹೇಳಿದೆ. ವಿಜ್ಞಾನದ ಪರವಾಗಿ ವಕಾಲತ್ತು ವಹಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಜಿನೇಶ್ ಸರ್ ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಬರೆದರು. ಮಾರ್ತಾ ಎಂಬ ಹೆಂಗಸಿನಿಂದ ಉತ್ತರ ಬಂತು. ವಿದ್ಯಾರ್ಥಿನಿಯಾಗಿದ್ದಾಗ ಗೆಳೆಯರ ಜೊತೆ ಸೇರಿ ಅದನ್ನು ಶುರುಮಾಡಿದವರಂತೆ, ಈಗ ಕೆಲಸದ ನಡುವೆ ರಜೆಯ ದಿನಗಳಲ್ಲಿ ನೋಡಿಕೊಳ್ಳುತ್ತಾರಂತೆ. ತಿಂಗಳುಗಟ್ಟಲೆ ಸುರಿಯುವ ಮಳೆಯನ್ನು ತಾನು ಕಂಡೇ ಇಲ್ಲ, ನೀವು ಬರೆದು ಕಳುಹಿಸಿದರೆ ಸಂತೋಷದಿಂದ ಸೇರಿಸುತ್ತೇನೆ ಎಂದಿದ್ದರು. ಆದರೆ ಒಂದು ಪ್ರಶ್ನೆ ಇತ್ತು. ಮಳೆ ಬರಿಸಬಹುದು, ನೀರು ತುಂಬಿಸಬಹುದು. ಕಪ್ಪೆಗಳು ಎಲ್ಲಿಂದ ಬರುತ್ತವೆ? ಬತ್ತಿದ ಕೆರೆಯಲ್ಲಿ ಅಷ್ಟು ದಿನ ನೀರೂ ಆಹಾರವೂ ಇಲ್ಲದೆ ಅವು ಬದುಕುತ್ತವೆ ಎಂದು ನಿಮಗೆ ಹೇಗೆ ಗೊತ್ತು? ಆ ಸೆಕೆಗೆ ಮೈಯ ಶಕ್ತಿಯೆಲ್ಲ ಉರಿದುಹೋಗಬೇಕಲ್ಲ?

ಸ್ಟಾಫ್ ರೂಮಿನಲ್ಲಿ ಚರ್ಚೆಯಾಯಿತು. ನಮ್ಮ ಪಿಟಿ ಸರ್, “ಅದರಲ್ಲಿ ಎಂತ ಉಂಟು? ಕಪ್ಪೆ ಮಳೆಯೊಟ್ಟಿಗೆ ಮೇಲಿಂದ ಬೀಳ್ತದೆ,” ಎಂದರು. ಅದನ್ನು ಮಾರ್ತಾಗೆ ಬರೆಯಲು ನಮಗೆ ಧೈರ್ಯ ಬರಲಿಲ್ಲ.

ನಾನು ಮಾತ್ರ ಅವು ನೆಲದೊಳಗೆ ಇರುತ್ತವೆ ಎಂದೆ. ಒಡೆದ ಬಾಟಲಿಗಳನ್ನು ಹೂಳಲು ಅಪ್ಪ ಅಂಗಡಿಯ ಹಿಂದೆ ಗುಂಡಿ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಒಮ್ಮೆ ಗುದ್ದಲಿಯ ಬದಿಯಲ್ಲಿ ಮಣ್ಣಿನ ಮುದ್ದೆಯೊಂದು ಉರುಳಿತು. ಅದು ಕಣ್ಣು ತೆರೆಯಿತು. ನಾನು ಚೀರಿದ್ದಕ್ಕೆ ಅಪ್ಪ, “ಎಬ್ಬಿಸಬೇಡ, ಪಾಪ,” ಎಂದು ಮಣ್ಣು ಎಳೆದುಬಿಟ್ಟಿದ್ದರು. ಮಂಜಿನ ನಾಡಿನ ಕಪ್ಪೆಗೆ ಚಳಿ ನಿದ್ದೆ ಇದ್ದರೆ ನಮ್ಮದಕ್ಕೆ ಬೇಸಿಗೆ ನಿದ್ದೆ.

“ಬೇಸಿಗೆ ನಿದ್ದೆ,” ಎಂದು ಜಿನೇಶ್ ಸರ್ ನಿಧಾನವಾಗಿ ಹೇಳಿಕೊಂಡರು. “ಟೀಚರ್, ಚಳಿ ನಿದ್ದೆ ಒಳಗೆ ಬರೆದೇ ಉಂಟು. ಅದನ್ನೇ ಚಳಿಗೆ ಕಟ್ಟುವ ಬದಲು ಒಣಗಿದ ಮಣ್ಣಿಗೆ ಕಟ್ಟಿದ್ರೆ ಆಯ್ತು. ಪುಸ್ತಕಗಳಲ್ಲಿಯೂ ಈ ವಿಷಯ ಸಿಗ್ತದೆ. ಆದ್ರೆ ನಮ್ಮ ಕೆರೆಯಲ್ಲಿ ಹಾಗೆ ಆಗ್ತದೆ ಅಂತ ನಾವೇ ತೋರಿಸ್ಬೇಕು.”

ಕಾದೆವು. ಆ ವರ್ಷ ಮಳೆ ತಡ. ಶಾಲೆ ತೆರೆದರೂ ಆಕಾಶ ಬೋಳು. ಗಿಡ ನೆಡುವುದಕ್ಕೆಂದು ಪಿಟಿ ಸರ್ ಹತ್ತನೆಯ ಮಕ್ಕಳನ್ನು ಕರೆದುಕೊಂಡು ಶಾಲೆಯ ಹಿಂದೆ, ಒಣಗಿದ ಹಳ್ಳದ ಅಂಚಿನಲ್ಲಿ ಗುಂಡಿ ತೆಗೆಸುತ್ತಿದ್ದರು. ನಾನು ಎಂಟನೆಯವರಿಗೆ ಸಂಧಿ ಹೇಳುತ್ತಿದ್ದೆ. ಕಿಟಕಿಯ ಹೊರಗೆ ನಫೀಸಾಳ ಸ್ವರ ಕೇಳಿತು.

“ಟೀಚರ್! ಓಡಿ ಬನ್ನಿ! ನಿದ್ದೆ ಮಾಡ್ತಾ ಉಂಟು!”

ಸವರ್ಣದೀರ್ಘವನ್ನು ಅಲ್ಲೇ ಬಿಟ್ಟು ಓಡಿದೆ. ಎಂಟನೆಯವರೂ ಓಡಿದರು. ಜಿನೇಶ್ ಸರ್ ಪ್ರಯೋಗಾಲಯದಿಂದ ಥರ್ಮಾಮೀಟರ್ ಹಿಡಿದುಕೊಂಡೇ ಬಂದರು. ಮೊಳಕ್ಕೂ ಹೆಚ್ಚು ಆಳದ ಗುಂಡಿ, ಅದರ ಗೋಡೆಯಲ್ಲಿ ಒಂದು ಪೊಟರೆ, ಪೊಟರೆಯಲ್ಲಿ ಮುಷ್ಟಿಗಿಂತ ದೊಡ್ಡ ಕಪ್ಪೆ. ಮಣ್ಣಿನದೇ ಬಣ್ಣ. ಕಾಲು ಮಡಚಿ, ಕಣ್ಣು ಮುಚ್ಚಿ, ಹೊರಗಿನ ಲೋಕದ ಪರಿವೆಯೇ ಇಲ್ಲದೆ ಕೂತಿತ್ತು. ಸತ್ತಿದೆ ಎಂದರು ಕೆಲವರು. ನಾನು ಮೊಣಕಾಲೂರಿ ಬಾಗಿ ನೋಡಿದೆ. ಬಹಳ ಹೊತ್ತಿಗೊಮ್ಮೆ ಅದರ ಗಂಟಲು ಸಣ್ಣಗೆ ಏರಿ ಇಳಿಯುತ್ತಿತ್ತು.

“ಉಸಿರುಂಟು,” ಎಂದೆ. ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ಹಾಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು.

ಜಿನೇಶ್ ಸರ್ ಥರ್ಮಾಮೀಟರನ್ನು ಮೊದಲು ಮೇಲಿನ ಮಣ್ಣಿಗೆ ಹಿಡಿದರು, ಆಮೇಲೆ ಪೊಟರೆಯ ಬದಿಗೆ. ಓದಿದವರೇ ಎದ್ದು ನಿಂತು, “ಟೀಚರ್, ಸಿಕ್ಕಿತು!” ಎಂದು ಕೂಗಿದರು. ಮಾತು ಕಡಿಮೆಯ ಆ ಮನುಷ್ಯ ಕೂಗಿದ್ದಕ್ಕೆ ಪಿಟಿ ಸರ್ ಬೆಚ್ಚಿಬಿದ್ದರು. “ಮೇಲೆ ಬೆಂಕಿ, ಕೆಳಗೆ ತಂಪು! ಲೆಕ್ಕದ ಕೆರೆಯಲ್ಲಿ ನಾವು ಮೇಲಿನ ಸೆಕೆಯಲ್ಲೇ ಕಪ್ಪೆಯನ್ನು ಬೇಯಿಸ್ತಾ ಇದ್ದೆವು. ಅದು ಕೆಳಗೆ ತಂಪಿನಲ್ಲಿ ಸುಮ್ಮನೆ ಮಲಗಿದ್ರೆ ಮೈ ಯಾಕೆ ಉರಿತದೆ? ಮಣ್ಣಿನ ಆಳಕ್ಕೆ ಬೇರೆ ಲೆಕ್ಕ ಹಾಕ್ಬೇಕು, ಅಷ್ಟೇ!”

ಚಿತ್ರ ತೆಗೆದುಕೊಂಡು, ಪೊಟರೆಯನ್ನು ಮೆತ್ತಗೆ ಮುಚ್ಚಿ, ಗಿಡಕ್ಕೆ ಬೇರೆ ಕಡೆ ಗುಂಡಿ ತೆಗೆದೆವು. ಕಪ್ಪೆ ಮೇಲಿಂದ ಬೀಳುತ್ತದೆ ಎಂದಿದ್ದ ಪಿಟಿ ಸರ್ ಆ ಜಾಗದ ಸುತ್ತ ತಾವೇ ಕೋಲು ಊರಿ, ಯಾರೂ ತುಳಿಯದ ಹಾಗೆ ಹಗ್ಗ ಕಟ್ಟಿದರು.

ಆ ವಾರ ಜಿನೇಶ್ ಸರ್ ಎರಡು ಸಲ ಉಪವಾಸ ಬಿದ್ದರು. ಶನಿವಾರ ನಮ್ಮನ್ನೆಲ್ಲ ಕೂರಿಸಿ, ಕುರ್ಚಿಯನ್ನು ನಫೀಸಾಳಿಗೆ ಬಿಟ್ಟುಕೊಟ್ಟರು. ಋತುಗಳ ಸಾಲಿನಲ್ಲಿ ಈಗ ಐದು ಹೆಸರುಗಳಿದ್ದವು. ಅವಳು ‘ಶುರು’ ಒತ್ತಿದಳು. ಬೇಸಿಗೆ ಬಂತು, ನೀರು ಇಳಿಯಿತು, ಕಪ್ಪೆಗಳು ಒಂದೊಂದಾಗಿ ಮಣ್ಣಿನೊಳಗೆ ಇಳಿದು ಕಂದು ಚುಕ್ಕಿಗಳಾದವು. ಕೆರೆ ಪೂರ್ತಿ ಬತ್ತಿತು. ಮಕ್ಕಳು ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡರು. ಆಮೇಲೆ ಪರದೆಯ ಮೇಲಿನಿಂದ ಮಳೆ ಸುರಿಯತೊಡಗಿತು. ನೀರು ಏರಿತು. ಒಂದು ಚುಕ್ಕಿ ಅಲುಗಿತು, ಎರಡು, ಹತ್ತು. ನೆಲಕ್ಕೆ ಅಂಟಿದ್ದ ಗೆರೆ ತಲೆಯೆತ್ತಿ, ಪರದೆಯ ಅಂಚಿನವರೆಗೆ ಹಾರಿತು. ಆ ಕೋಣೆಯಲ್ಲಿ ಎದ್ದ ಬೊಬ್ಬೆಗೆ ಹೆಂಚಿನ ಮೇಲಿದ್ದ ಕಾಗೆಗಳು ಹಾರಿಹೋದವು.

ಇದನ್ನು ಈಗಿಂದೀಗಲೇ ಕಳುಹಿಸಬೇಕೆಂದು ಕೂತಾಗ ಹೊರಗೆ ಗುಡುಗಿತು. ನಿಜವಾದ ಮಳೆ ಬಂದೇಬಿಟ್ಟಿತು. ಬಂದದ್ದೇ ಕರೆಂಟನ್ನೂ ನೆಟ್‌ವರ್ಕನ್ನೂ ತೆಗೆದುಕೊಂಡು ಹೋಯಿತು. ಮಳೆಗಾಲವನ್ನು ಕಳುಹಿಸಲು ಮಳೆಗಾಲವೇ ಬಿಡಲಿಲ್ಲ ನೋಡಿ! ಜಿನೇಶ್ ಸರ್ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಪೆನ್‌ಡ್ರೈವನ್ನು ಪ್ಲಾಸ್ಟಿಕಿನಲ್ಲಿ ಸುತ್ತಿ, ಅಂಗಿಯ ಒಳಗಿಟ್ಟುಕೊಂಡು ಒದ್ದೆಯಾಗುತ್ತ ಮೂಡುಬಿದಿರೆಗೆ ಹೋಗಿ ಅಲ್ಲಿಂದ ಕಳುಹಿಸಿದರು.

ಮಾರ್ತಾ ಬಹಳ ದಿನ ಕಾಯಿಸಲಿಲ್ಲ. ಮಲಗಿದ ಕಪ್ಪೆಯ ಚಿತ್ರವನ್ನು ತನ್ನ ಗೆಳೆಯರಿಗೆಲ್ಲ ತೋರಿಸಿದೆ, ನಿಮ್ಮ ಲೆಕ್ಕವನ್ನು ಇಬ್ಬರು ಕೂತು ಪರೀಕ್ಷಿಸಿದರು, ಸೇರಿಸಿಕೊಂಡಿದ್ದೇವೆ ಎಂದು ಬರೆದರು. ಇದನ್ನು ಏನೆಂದು ಕರೆಯೋಣ ಎಂದೂ ಕೇಳಿದರು. ಇಂಗ್ಲಿಷಿನ ಯಾವುದಾದರೊಂದು ಪದ ಹೇಳಿದರೆ ಸಾಕಿತ್ತು. ನಾನು ಬಿಡಲಿಲ್ಲ. ‘ಮಳೆಗಾಲ’ ಎಂದೇ ಇರಲಿ ಎಂದು ಬರೆಸಿದೆ. ಮಾರ್ತಾ ಒಪ್ಪಿದರು. ಹೊಸ ಆವೃತ್ತಿ ಬಂದಾಗ ಯಾವ ಭಾಷೆಯಲ್ಲಿ ತೆರೆದರೂ ಆ ಪದ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮಳೆಗಾಲ! ಮಾಡಿದವರ ಹೆಸರುಗಳ ನಡುವೆ ನಮ್ಮ ಇಡೀ ತರಗತಿಯ ಮಕ್ಕಳ ಹೆಸರುಗಳಿದ್ದವು. ವಿಜ್ಞಾನದಲ್ಲಿ ಫೇಲಾದ ನನ್ನದೂ ಇತ್ತು. ಆ ಪುಟವನ್ನು ನಾನು ಎಷ್ಟು ಸಲ ತೆರೆದು ನೋಡಿದ್ದೇನೆಂದು ಕೇಳಬೇಡಿ.

ಮಳೆ ನಿಂತ ಮೇಲೆ ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ ವಸ್ತುಪ್ರದರ್ಶನ ನಡೆಯಿತು. ನಮ್ಮ ಪಕ್ಕದಲ್ಲೇ ಒಂದು ಜ್ವಾಲಾಮುಖಿ ಹೊಗೆ ಬಿಡುತ್ತಿತ್ತು. ಹೆಡ್ ಮೇಡಂ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ತೀರ್ಪುಗಾರರಲ್ಲಿ ಹಿರಿಯರೊಬ್ಬರು, ನಿವೃತ್ತ ಪ್ರಾಧ್ಯಾಪಕರು, ನಮ್ಮಲ್ಲಿಗೆ ಬಂದು ಎರಡು ನಿಮಿಷ ನೋಡಿ ಹುಬ್ಬು ಗಂಟಿಕ್ಕಿದರು.

“ಇದು ಇಂಟರ್ನೆಟ್ಟಿನಿಂದ ಡೌನ್‌ಲೋಡ್ ಮಾಡಿದ್ದಲ್ವಾ? ಇದರಲ್ಲಿ ನಿಮ್ಮದೆಂತ ಉಂಟು?”

ಜಿನೇಶ್ ಸರ್ ಬಾಯಿ ತೆರೆಯುವ ಮೊದಲೇ ನಫೀಸಾ ಮುಂದೆ ಬಂದಳು.

“ಹೌದು ಸರ್, ಕೆರೆ ಡೌನ್‌ಲೋಡ್ ಮಾಡಿದ್ದು. ಮಳೆಗಾಲ ಅಪ್‌ಲೋಡ್ ಮಾಡಿದ್ದು.”

“ಎಂತ ಹೇಳಿದ್ದು?”

“ನಿಮ್ಮ ಮೊಬೈಲಿನಲ್ಲೇ ನೋಡಿ ಸರ್. ಈಗಲೇ ಇಳಿಸಿ.”

ಅವರು ಕನ್ನಡಕ ಸರಿಮಾಡಿಕೊಂಡು ಮೊಬೈಲಿನಲ್ಲಿ ಹುಡುಕಿ, ಇಳಿಸಿ, ತೆರೆದರು. ಇಂಗ್ಲಿಷಿನಲ್ಲಿ ಋತುಗಳನ್ನು ಓದುತ್ತ ಬಂದವರು ಐದನೆಯದರಲ್ಲಿ ತಡೆದು ನಿಂತರು. ಮತ್ತೊಮ್ಮೆ ಓದಿದರು. ಹೆಸರುಗಳ ಪುಟ ತೆರೆದು, ನಫೀಸಾಳ ಹೆಸರು ಕೇಳಿ, ಅದರ ಮೇಲೆ ಬೆರಳಿಟ್ಟರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ನಮ್ಮ ಮೇಜಿನ ಮುಂದೆ ಕೂತೇಬಿಟ್ಟರು. “ಮಗಾ, ಶುರುವಿಂದ ಹೇಳು. ಗಡಿಬಿಡಿ ಇಲ್ಲ.”

ಮಕ್ಕಳು ಹೇಳಿದರು. ಕನ್ನಡದಲ್ಲಿ, ತಡವರಿಸದೆ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು. ಸುತ್ತ ಜನ ಸೇರಿದರು. ಜ್ವಾಲಾಮುಖಿಯ ಮಕ್ಕಳೂ ಅದನ್ನು ಹೊಗೆಯಾಡಲು ಬಿಟ್ಟು ಬಂದು ನಿಂತರು. ಗೆರೆ ಮೇಲಕ್ಕೆ ಹಾರಿದಾಗ ಚಪ್ಪಾಳೆ ಬಿತ್ತು. ಮೊದಲ ಬಹುಮಾನ ನಮ್ಮದೇ. ಹೆಸರು ಕರೆದಾಗ ಹೆಡ್ ಮೇಡಂ ಮಕ್ಕಳಿಗಿಂತ ಮೊದಲು ವೇದಿಕೆ ಹತ್ತಿದರು.

ಹೊರಗೆ ಬಂದರೆ ಬಿಸಿಲು ಹಳದಿಯಾಗಿತ್ತು. ಜಿನೇಶ್ ಸರ್ ಅವರ ಅಮ್ಮ ಎಲ್ಲರಿಗೂ ಅಡುಗೆ ಮಾಡಿ ಕಾಯುತ್ತಿದ್ದರಂತೆ. ಸೂರ್ಯನ ಜೊತೆ ಓಟದ ಪಂದ್ಯ ಕಟ್ಟಿದವರ ಹಾಗೆ ಬೀದಿಯುದ್ದಕ್ಕೂ ಓಡಿದೆವು. “ಬೇಗ ಬೇಗ ಕೂತುಕೊಳ್ಳಿ ಮಕ್ಕಳೇ, ಪಾಯಸ ಉಂಟು,” ಎನ್ನುತ್ತ ಅವರು ಬಡಿಸಿದರು. ಹೆಡ್ ಮೇಡಂ ಬಹುಮಾನದ ಫಲಕವನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು.

ಮರುವರ್ಷ ಎಂಟನೆಯ ತರಗತಿಗೆ ಇನ್ನೊಂದು ಸಾಲು ಬೆಂಚು ಹಾಕಿಸಬೇಕಾಯಿತು. ಕನ್ನಡದಲ್ಲಿ ಕಂಪ್ಯೂಟರ್ ಬರುತ್ತದೆಯೇ ಎಂದು ಈಗ ಯಾರೂ ಕೇಳುವುದಿಲ್ಲ. ಶಾಲೆಯನ್ನು ಸೇರಿಸಿಬಿಡುವ ಸುದ್ದಿಯೂ ತಣ್ಣಗಾಗಿದೆ. ನಫೀಸಾ ಉಜಿರೆಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಲೆಕ್ಕದ ಕೆರೆಯ ಮಳೆಗಾಲದ ಭಾಗವನ್ನು ನೋಡಿಕೊಳ್ಳುವ ಕೆಲಸವನ್ನು ಮಾರ್ತಾ ಅವಳಿಗೇ ವಹಿಸಿದ್ದಾರೆ. ಹಾಸ್ಟೆಲಿನಿಂದ ವಾರಕ್ಕೊಮ್ಮೆ ಫೋನ್ ಮಾಡಿ, “ಟೀಚರ್, ಈ ಪದ ಸರಿಯುಂಟಾ?” ಎಂದು ಕೇಳುತ್ತಾಳೆ.

ಈಚೆಗೆ ಅವಳು ಮಾಡಿದ ಫೋನು ಬೇರೆ ಬಗೆಯದು. ಆಫ್ರಿಕಾದ ಒಂದು ಹಳ್ಳಿಯ ಶಾಲೆಯಿಂದ ಪತ್ರ ಬಂದಿದೆಯಂತೆ. ಅವರ ಹೊಳೆಯಲ್ಲಿ ಒಂದು ಜಾತಿಯ ಮೀನು ಬೇಸಿಗೆಯಲ್ಲಿ ಕೆಸರಿನೊಳಗೆ ಸುತ್ತಿಕೊಂಡು ಮಲಗುತ್ತದೆ. ನಮ್ಮ ಬೇಸಿಗೆ ನಿದ್ದೆಯನ್ನು ತೆಗೆದುಕೊಂಡು ಅಲ್ಲಿಯ ಮಕ್ಕಳು ತಮ್ಮ ಮೀನನ್ನು ಬದುಕಿಸಿದ್ದಾರೆ. ಅವರಿಗೆ ವರ್ಷಕ್ಕೆ ಎರಡು ಮಳೆಗಾಲ. ಎರಡನೆಯದನ್ನು ತಾವೇ ಬರೆದು ಸೇರಿಸಿದ್ದಾರೆ. “ನಾನೇ ಪರೀಕ್ಷೆ ಮಾಡಿ ಒಳಗೆ ಹಾಕಿದೆ ಟೀಚರ್,” ಎಂದಳು ನಫೀಸಾ. “ಮತ್ತೆ, ಈ ಪದವನ್ನು ಹೇಗೆ ಹೇಳುವುದು ಅಂತ ಅವರಿಗೆ ಗೊತ್ತಾಗಲಿಲ್ಲವಂತೆ. ಹೇಳಿ ರೆಕಾರ್ಡ್ ಮಾಡಿದ್ದಾರೆ, ಸರಿಯಾ ಅಂತ ಕೇಳಿದ್ದಾರೆ. ಕಳಿಸ್ತೇನೆ, ಕೇಳಿ.”

ಜಿನೇಶ್ ಸರ್ ಅದನ್ನು ತರಗತಿಯಲ್ಲಿ ದೊಡ್ಡದಾಗಿ ಹಾಕಿದರು. ಮೊದಲು ಗಾಳಿಯ ಸದ್ದು, ಎಲ್ಲೋ ಒಂದು ಕೋಳಿ ಕೂಗಿದ್ದು, ಒಬ್ಬ ಟೀಚರ್ ಏನೋ ಎಣಿಸಿದ್ದು. ಆಮೇಲೆ ಒಂದು ಇಡೀ ತರಗತಿ ಗಂಟಲು ಬಿರಿಯುವ ಹಾಗೆ ಕೂಗಿತು: “ಮಾಲೇಗಾಲಾ!”

ನಮ್ಮ ಮಕ್ಕಳು ಒಂದು ಕ್ಷಣ ಬೆರಗಾಗಿ ಕೂತರು. ಮರುಕ್ಷಣ ಬೆಂಚಿನ ಮೇಲೆ ಹತ್ತಿದರು. “ಇನ್ನೊಮ್ಮೆ ಹಾಕಿ ಸರ್!” ಹಾಕಿದರು. ಈ ಸಲ ಇವರೂ ಸೇರಿಕೊಂಡು ಕೂಗಿದರು. ಗಲಾಟೆ ಏನೆಂದು ನೋಡಲು ಹೆಡ್ ಮೇಡಂ ಬೆತ್ತ ಹಿಡಿದುಕೊಂಡೇ ಬಾಗಿಲಿಗೆ ಬಂದರು, ಕಿವಿಗೊಟ್ಟು ನಿಂತರು. ಮೂರನೆಯ ಸಲ ಹಾಕಿದಾಗ, ನನ್ನ ಕಿವಿಯಾರೆ ಕೇಳಿದ್ದೇನೆ, ಎಲ್ಲರಿಗಿಂತ ಜೋರಾಗಿ ಕೂಗಿದ ಸ್ವರ ಬಾಗಿಲಿನಿಂದ ಬಂದದ್ದು.